ಗೆರೆಯಿಲ್ಲದ ಮೈದಾನದ ಹುಡುಗಿ

ಉಳ್ಳಾಲದ ಕಡಲ ತೀರದಲ್ಲಿ ಫುಟ್‌ಬಾಲ್ ಆಡುವ ಮಕ್ಕಳಿಗೆ ಮೈದಾನದ ಗೆರೆ ಎಂಬುದೇ ಇಲ್ಲ. ಮರಳಲ್ಲಿ ಎಷ್ಟೇ ಆಳವಾಗಿ ಗೀರಲಿ, ಒಂದು ಅಲೆ ಬಂದರೆ ಎಲ್ಲ ಚೊಕ್ಕಟ. ಸೀಟಿ ಊದುವ ರೆಫರಿಯೂ ಇಲ್ಲ. ಅದಕ್ಕೇ ಅಲ್ಲೊಂದು ಕಟ್ಟುಪಾಡು. ಚೆಂಡು ಹೊರಗೆ ಹೋದರೆ, ಕೊನೆಗೆ ಯಾರ ಮೈಗೆ ತಾಗಿತೋ ಅವರೇ ಕೈ ಎತ್ತಬೇಕು. ಎತ್ತದೆ ಸಿಕ್ಕಿಬಿದ್ದವರನ್ನು ಮರುದಿನ ಯಾರೂ ಆಟಕ್ಕೆ ಕರೆಯುವುದಿಲ್ಲ.

ಲವಿಟಾ ಆಟ ಕಲಿತದ್ದು ಈ ಮರಳಿನಲ್ಲೇ. ಚೆಂಡು ಹಿಡಿದು ಬಂದವರನ್ನು ದಾಟಲು ಬಿಡದ ಗಟ್ಟಿಗಿತ್ತಿ. ಹದಿನೈದು ವರ್ಷದೊಳಗಿನ ಹುಡುಗಿಯರ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಹೊರಟ ನಮ್ಮ ದೇಶದ ತಂಡದಲ್ಲಿ ಅವಳಿಗೂ ಜಾಗ ಸಿಕ್ಕಿತು. ಫೈನಲ್ ಆಡಬೇಕೆಂಬುದೊಂದೇ ಅವಳ ಆಸೆ.

ಸೆಮಿಫೈನಲ್‌ನಲ್ಲಿ ಎದುರಾದದ್ದು ಭೂತಾನಿನ ಹುಡುಗಿಯರು. ಹಸಿರು ಹುಲ್ಲು, ಬೆಳ್ಳನೆಯ ಗೆರೆ, ಬಾವುಟ ಹಿಡಿದ ಲೈನ್ಸ್‌ಮನ್, ಎಲ್ಲವೂ ಇತ್ತು. ನಮ್ಮವರು ಒಂದು ಗೋಲು ಮುಂದಿದ್ದರು. ಆಗ ಚೆಂಡು ಲವಿಟಾಳ ಮೊಣಕಾಲು ಸವರಿಕೊಂಡು ಗೋಲಿನ ಪಕ್ಕದಿಂದ ಆಚೆ ಹೋಯಿತು. ಅದು ಅವಳಿಗೆ ತಾಗಿದ್ದನ್ನು ರೆಫರಿ ಗಮನಿಸಲಿಲ್ಲ. ಲವಿಟಾಳ ಕೈ ಮಾತ್ರ ತಾನಾಗಿ ಮೇಲೆ ಹೋಯಿತು. ಭೂತಾನಿಗೆ ಮೂಲೆಯಿಂದ ಒದೆಯುವ ಕಾರ್ನರ್ ಸಿಕ್ಕಿತು, ಅದರಿಂದಲೇ ಗೋಲೂ ಬಂತು. ಈಗ ಎರಡೂ ತಂಡ ಸಮ ಸಮ.

ವಿರಾಮದಲ್ಲಿ ಕೋಚ್ ಪೊನ್ನಪ್ಪ ಕೆಂಡವಾದರು.

"ಏನಮ್ಮಾ ಇದು? ಸೀಟಿ ಊದೋಕೆ ಅಂತಾನೇ ಒಬ್ರನ್ನ ಇಟ್ಟಿದ್ದಾರೆ. ಅವರ ಕೆಲಸ ನೀನ್ಯಾಕೆ ಮಾಡ್ತೀಯ?"

"ತಾಗಿದ್ದು ಹೌದಲ್ಲ ಸರ್, ಎಂತ ಮಾಡುದು?"

"ಊರಿಗೊಂದು ದಾರಿಯಾದ್ರೆ ಇವಳಿಗೊಂದು ದಾರಿ! ಇನ್ನೊಂದು ಸಲ ಕೈ ಎತ್ತಿದ್ರೆ ಹೊರಗೆ ಕೂರಿಸ್ತೀನಿ. ಆಮೇಲೆ ಫೈನಲ್ಲೂ ಇಲ್ಲ, ಏನೂ ಇಲ್ಲ."

ಪರೀಕ್ಷೆ ಹೇಳಿ ಕೇಳಿ ಬರುತ್ತದೆಯೇ? ಆಟ ಮುಗಿಯುತ್ತಾ ಬಂದಾಗ ಚೆಂಡು ಮತ್ತೆ ಲವಿಟಾಳ ಕಾಲ್ಬೆರಳಿಗೆ ತಾಗಿ ಪಕ್ಕದ ಗೆರೆ ದಾಟಿತು. ಲೈನ್ಸ್‌ಮನ್ ಚೆಂಡು ನಮ್ಮವರಿಗೇ ಎಂದು ಬಾವುಟ ತೋರಿಸಿದ. ಲವಿಟಾ ಕೋಚ್ ಕಡೆ ನೋಡಿದಳು. ಅವರು ಅವಳನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎತ್ತಿದರೆ ಫೈನಲ್ ಕೈಬಿಟ್ಟ ಹಾಗೆಯೇ. ಅವಳಿಗೆ ಅಳುವೇ ಬಂತು. ಆದರೆ ನಾಳೆ ಯಾವ ಮುಖ ಹೊತ್ತು ಉಳ್ಳಾಲದ ಆ ಮರಳಿಗೆ ಇಳಿಯುವುದು? ಅವಳು ಕೈ ಎತ್ತಿದಳು.

ಇದನ್ನು ಹತ್ತಿರದಿಂದ ಕಂಡವಳು ಭೂತಾನಿನ ಮುಂಚೂಣಿ ಆಟಗಾರ್ತಿ ಪೇಮಾ. ಅತ್ತ ಪೊನ್ನಪ್ಪ ಬದಲಿ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದರು.

ಆ ಹುಡುಗಿಯನ್ನು ಒಳಗೆ ಕಳಿಸುವಷ್ಟರಲ್ಲಿ ಪೇಮಾ ಚೆಂಡಿನೊಂದಿಗೆ ಗೋಲಿನತ್ತ ನುಗ್ಗಿದಳು. ಲವಿಟಾ ಕಾಲು ಚಾಚಿದಳು. ಪೇಮಾ ಬಿದ್ದಳು. ಸೀಟಿ ಕೂಗಿತು, ಪೆನಾಲ್ಟಿ! ನಮ್ಮ ಹುಡುಗಿಯರು ರೆಫರಿಯನ್ನು ಮುತ್ತಿಕೊಂಡರು. ಲವಿಟಾಳ ಕಾಲು ಪೇಮಾಳಿಗೆ ತಾಗಿರಲೇ ಇಲ್ಲ, ಆದರೆ ನಂಬುವವರು ಯಾರು?

ಪೇಮಾ ಎದ್ದು ನಿಂತಳು. ಲವಿಟಾಳನ್ನೊಮ್ಮೆ ನೋಡಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಪೇಮಾ ನಿಧಾನವಾಗಿ, ಥೇಟ್ ಲವಿಟಾಳ ಹಾಗೆಯೇ, ಕೈ ಎತ್ತಿದಳು. ಒದ್ದೆ ಹುಲ್ಲನ್ನೂ ತನ್ನ ಬೂಟನ್ನೂ ತೋರಿಸಿ, ಜಾರಿದ್ದು ನಾನೇ ಎಂದು ಸನ್ನೆ ಮಾಡಿದಳು. ಅವಳ ಕಡೆಯವರು ಕೂಗಾಡಿದರು. ಅವಳು ಎತ್ತಿದ ಕೈ ಇಳಿಸಲಿಲ್ಲ. ರೆಫರಿ ಪೆನಾಲ್ಟಿ ರದ್ದು ಮಾಡಿದರು.

ಪೊನ್ನಪ್ಪ ಪೇಮಾಳನ್ನೂ ಲವಿಟಾಳನ್ನೂ ಒಮ್ಮೆ ನೋಡಿದರು. ಆಮೇಲೆ ಬದಲಿ ಹುಡುಗಿಯ ಕಡೆ ತಿರುಗಿ, "ನೀನು ಕೂತ್ಕೊಳ್ಳಮ್ಮಾ" ಎಂದರು.

ಕೊನೆಗೆ ಗೆದ್ದವರು ಯಾರು ಅಂತೀರಾ? ಹೆಚ್ಚುವರಿ ಅವಧಿಯ ಆಟದಲ್ಲಿ ಒಂದು ಗೋಲು ಹೊಡೆದು ನಮ್ಮವರೇ ಗೆದ್ದರು. ಲವಿಟಾ ಮೊದಲು ಓಡಿಹೋಗಿ ತಬ್ಬಿಕೊಂಡದ್ದು ಮಾತ್ರ ಪೇಮಾಳನ್ನು.

ಫೈನಲ್‌ಗೆ ಇಳಿಯುವ ಮೊದಲು ಪೊನ್ನಪ್ಪ ಹುಡುಗಿಯರನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು. "ಕೇಳಿ. ಇವತ್ತು ಚೆಂಡು ತಾಗಿದ್ರೆ ಎಲ್ರೂ ಕೈ ಎತ್ತಬೇಕು. ಎತ್ತದವ್ರನ್ನ ಹೊರಗೆ ಕೂರಿಸ್ತೀನಿ!"

ನೀತಿ: ಯಾರೂ ನೋಡದಾಗಲೂ ನಿಜವನ್ನು ಒಪ್ಪಿಕೊಳ್ಳಿ. ಅದರಿಂದ ಮೊದಲು ನಷ್ಟವಾದೀತು. ಆದರೆ ಒಬ್ಬರ ಪ್ರಾಮಾಣಿಕತೆ ಎದುರಾಳಿಗೂ ಧೈರ್ಯ ಕೊಡುತ್ತದೆ.