ಚಗಳಿಗಳ ಸರಪಳಿ

ಅಂದೂ ಎಂದಿನಂತೆ ಮಾವಿನ ಮರದ ಚಗಳಿ ಇರುವೆಗಳು ಗೂಡಿನ ಎಲೆಗಳನ್ನು ಬಿಗಿಯಲು ಸೇರಿದವು. ಒಬ್ಬರ ಸೊಂಟವನ್ನು ಇನ್ನೊಬ್ಬರು ಹಿಡಿದು, ಸರಪಳಿಯಾಗಿ ಎಲೆ ಎಳೆಯುವುದು ಅವರ ಹಿರಿಯರಿಂದ ಬಂದ ಪದ್ಧತಿ. ಗೂಡಿನೊಳಗಿನ ಮೊಟ್ಟೆಗಳನ್ನು ಕಾಯುತ್ತಿದ್ದ ಅಜ್ಜಿ ಚಗಳಿ, "ಸಂಜೆಗಾಳಿಯ ಹೊತ್ತಾಯಿತು, ಬೇಗ ಹಿಡಿಯಿರಿ ಮಕ್ಕಳೇ," ಎಂದಳು.

"ಕೆಳಗಿನ ಕೊಂಬೆಯವಳ ಸೊಂಟವನ್ನು ನಾನು ಹಿಡಿಯಬೇಕೇ?" ಎಂದಳು ಮೇಲಿನ ಕೊಂಬೆಯವಳು.

"ಯಾರು ಕರೆದರು ತಾಯಿ? ನೀನು ಹಿಡಿಯದಿದ್ದರೂ ನನ್ನ ಸೊಂಟ ನೆಟ್ಟಗೇ ಇದೆ," ಎಂದಳು ಕೆಳಗಿನವಳು.

"ಜಗಳ ನಾಳೆಗಿರಲಿ ಬಂಗಾರಗಳೇ," ಎನ್ನುತ್ತಾ ಅಜ್ಜಿ ಅವರಿಬ್ಬರ ನಡುವೆ ತಾನೇ ನಿಲ್ಲಲು ಓಡಿದಳು. ಅಷ್ಟರಲ್ಲಿ ದಿನವೂ ಬೀಸುವ ಗಾಳಿಯೇ ಬೀಸಿತು. ಎಲೆಗಳು ಬಿಚ್ಚಿಕೊಂಡವು, ಮೊಟ್ಟೆಗಳೆಲ್ಲ ನೆಲಕ್ಕೆ ಉದುರಿದವು.

ಸರಪಳಿಯಲ್ಲಿ ಖಾಲಿ ಉಳಿದಿದ್ದ ಜಾಗ ಒಂದು ಇರುವೆಯಷ್ಟಿತ್ತು.