ನಿಂಬೆಹಣ್ಣನ್ನು ನಂಬಿದ ಟ್ರಕ್ಕು

ಪೂಜೆ ಮಾಡಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಅರೆದು, ಪಿಕಪ್ ಟ್ರಕ್ಕು ಮದುಮಗನ ಗತ್ತಿನಲ್ಲಿ ಹೊರಟಿತು. ಮಂಚ, ಒಲೆಗಳನ್ನು ಹೊತ್ತ ಪ್ರವಾಸದ ಟ್ರೈಲರು ಅದರ ಹಿಂಬದಿಯ ಕೊಕ್ಕೆಗೆ ಸಿಕ್ಕಿಕೊಂಡು ಕುಣಿಯುತ್ತಾ ಬಂತು.

ಟ್ರೈಲರಿನ ಮೂತಿಯಲ್ಲಿ ಚೆಂಡುಹೂ ಸುತ್ತಿಕೊಂಡು ನೇತಾಡುತ್ತಿದ್ದ ಸರಪಳಿ ಕೂಗಿತು: "ಕೊಕ್ಕೆ ಕಳಚಿದರೆ ಹಿಡಿಯಬೇಕಾದದ್ದು ನಾನು. ನನ್ನನ್ನು ನಿನಗೆ ಬಿಗಿದುಕೊಳ್ಳದೆ ಹೊರಟೆಯಲ್ಲ?"

"ನಿಂಬೆಹಣ್ಣು ಆಗಿದೆ. ನೀನು ಸುಮ್ಮನೆ ಹೂ ಮುಡಿದುಕೊಂಡಿರು," ಎಂದಿತು ಟ್ರಕ್ಕು.

ಇಳಿಜಾರಿನ ಗುಂಡಿಯೊಂದರಲ್ಲಿ ಕೊಕ್ಕೆ ಕಳಚಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರೈಲರು ಪಕ್ಕಕ್ಕೆ ಬಂದು, "ಅಣ್ಣ, ಸ್ವಲ್ಪ ದಾರಿ ಬಿಡು," ಎನ್ನುತ್ತಾ ಟ್ರಕ್ಕನ್ನೇ ಹಿಂದೆ ಹಾಕಿ, ಹುಲ್ಲಿನ ಬಣವೆಗೆ ನುಗ್ಗಿ ನಿಂತು, "ಇನ್ನೊಂದು ಸಲ ಹೋಗೋಣವೇ?" ಎಂದಿತು.

ಬಣವೆಯೊಳಗಿಂದ ಸರಪಳಿ ಕೇಳಿತು: "ನಿನ್ನ ನಿಂಬೆಹಣ್ಣು ಎಲ್ಲಿ?"

"ಅದು ಹೊರಟಲ್ಲೇ ಉಳಿಯಿತು," ಎಂದ ಟ್ರಕ್ಕು, ಬೆನ್ನು ತಿರುಗಿಸಿ ಮೆಲ್ಲಗೆ ಹಿಂದಕ್ಕೆ ಸರಿದು ಸರಪಳಿಯನ್ನು ಬಿಗಿಯಲು ತನ್ನ ಕೊಂಡಿ ಒಡ್ಡಿತು.