ಪಕ್ಕದ ಅಂಗಡಿಯ ಪೆಟ್ಟಿಗೆ

"ಗುರುಗಳೇ, ನಾನು ಯಾರಿಗೂ ಕೇಡು ಮಾಡಿಲ್ಲ. ಒಬ್ಬನನ್ನು ಕಂಡರೆ ಹೊಟ್ಟೆ ಉರಿಯುತ್ತದೆ, ಅಷ್ಟೇ. ಆ ಉರಿಯನ್ನು ನನ್ನೊಳಗೇ ಇಟ್ಟುಕೊಂಡಿದ್ದರೆ ಅದರಿಂದ ಯಾರಿಗೇನು ನಷ್ಟ?"

ಶಿಷ್ಯ ಹೀಗೆ ಕೇಳಿದ. ಆ ಒಬ್ಬ ಯಾರೆಂಬುದು ಗುರುಗಳಿಗೆ ಗೊತ್ತಿತ್ತು. ಪಾಠಶಾಲೆಯಲ್ಲಿ ಶಿಷ್ಯನ ಪಕ್ಕದ ಕೋಣೆಯಲ್ಲಿದ್ದ ಸಹಪಾಠಿ. ಹುಣ್ಣಿಮೆಯ ಸಭೆಯಲ್ಲಿ ಗ್ರಂಥ ಓದಲು ಗುರುಗಳು ಅವನನ್ನು ಆರಿಸಿದ್ದರು.

"ಇವತ್ತು ಅವನ ಕೋಣೆಯಲ್ಲಿ ಪಾಠ ಹೇಳಿಕೊಳ್ಳುವಾಗ ಅವನು ನಾಲ್ಕು ಕಡೆ ತಪ್ಪಿದ. ಗೋಡೆಯ ಈಚೆ ಕೂತು ನಾನೇ ಎಣಿಸಿದ್ದೇನೆ" ಎಂದೂ ಶಿಷ್ಯ ಸೇರಿಸಿದ.

ಗುರುಗಳು ಆ ಪೀಠಕ್ಕೆ ಹೊಸಬರು. ಸ್ವಲ್ಪ ಹೊತ್ತು ಶಲ್ಯದ ಅಂಚನ್ನು ಸರಿಮಾಡಿಕೊಂಡರು. "ಕತೆ ಹೇಳುವುದು ನನಗೆ ಚೆನ್ನಾಗಿ ಬರುವುದಿಲ್ಲ. ಹಿಂದಿನ ಗುರುಗಳು ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ನಾನು ಬಿಡಿಸಿ ಬಿಡಿಸಿ ಹೇಳಿ ಕೆಡಿಸುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ" ಎಂದು ಮೊದಲೇ ಕೇಳಿಕೊಂಡು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬಳೆಗಾರ ಇದ್ದ. ಮೂವತ್ತು ವರ್ಷದಿಂದ ಅದೇ ಅಂಗಡಿ, ಅದೇ ಗಾದಿ. ಎರಡು ವರ್ಷದ ಹಿಂದೆ ಅವನ ಪಕ್ಕಕ್ಕೇ ಇನ್ನೊಬ್ಬ ಬಳೆಗಾರ ಬಂದ. ವಯಸ್ಸಿನಲ್ಲಿ ಕಿರಿಯ. ಎರಡು ಅಂಗಡಿಗೂ ನಡುವೆ ಒಂದು ಹಲಗೆ ಮಾತ್ರ. ಹಲಗೆ ಎಂದು ಯಾಕೆ ಒತ್ತಿ ಹೇಳುತ್ತೇನೆ ಎಂದರೆ, ಅಲ್ಲಿ ಇಟ್ಟಿಗೆಯ ಗೋಡೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕಿರಿಯವನು ಫೋನಿನಲ್ಲಿ ಹಣ ಪಡೆಯುತ್ತಿದ್ದ. ಅದರ ಜೊತೆಗೆ ಮಾತಾಡುವ ಪೆಟ್ಟಿಗೆಯೊಂದನ್ನೂ ಇಟ್ಟಿದ್ದ. ನೀನೂ ನೋಡಿರುತ್ತೀಯ. ಗಿರಾಕಿ ಹಣ ಹಾಕಿದ ಕೂಡಲೇ 'ನೂರಿಪ್ಪತ್ತು ರೂಪಾಯಿ ಬಂದಿದೆ' ಎಂದು ಅದು ಕೂಗುತ್ತದೆ. ಅಂಗಡಿಯವನು ಕೇಳಲಿ ಎಂದು ಮಾಡಿದ ಪೆಟ್ಟಿಗೆ. ಆದರೆ ಕೇಳುವ ಕಿವಿ ಯಾರದೆಂದು ಅದು ನೋಡುವುದಿಲ್ಲ.

ಅದನ್ನು ಕಂಡು ಹಿರಿಯ ಬಳೆಗಾರನೂ ಒಂದು ಪೆಟ್ಟಿಗೆ ತಂದ. ಅವನ ಫೋನಿನಲ್ಲಿ ಎಲ್ಲವನ್ನೂ ಹೊಂದಿಸಿ ಕೊಟ್ಟವನು ಕಿರಿಯವನೇ. ಈ ಮಾತನ್ನು ನೆನಪಿನಲ್ಲಿಡು, ಮುಂದೆ ಬೇಕಾಗುತ್ತದೆ.

ಅಂದಿನಿಂದ ಹಿರಿಯವನ ನೆಮ್ಮದಿ ಹೋಯಿತು. ತನ್ನ ಪೆಟ್ಟಿಗೆ ಒಂದು ಸಲ ಕೂಗುವಷ್ಟರಲ್ಲಿ ಪಕ್ಕದ್ದು ಮೂರು ಸಲ ಕೂಗುತ್ತಿತ್ತು. ಮೊದಮೊದಲು ಸುಮ್ಮನೆ ಕೇಳಿದ. ಆಮೇಲೆ ಎಣಿಸಿದ. ಎಣಿಕೆ ತಪ್ಪಬಾರದೆಂದು ಒಂದು ತಗಡಿನ ಡಬ್ಬಿ ಇಟ್ಟುಕೊಂಡ. ಆಚೆ ಒಂದು ಸಲ ಕೂಗಿದರೆ ಈಚೆ ಡಬ್ಬಿಗೆ ಒಂದು ಬಳೆಚೂರು. ಸಂಜೆ ಕದ ಹಾಕುವ ಮುಂಚೆ ಚೂರುಗಳನ್ನು ಸುರಿದು ಎಣಿಸುತ್ತಿದ್ದ. ಎಷ್ಟು ರೂಪಾಯಿ ಎಂಬುದು ಹೇಗೂ ಬಾಯಿಪಾಠವಾಗಿರುತ್ತಿತ್ತು.

ಅಷ್ಟು ಬಳೆಚೂರು ಎಲ್ಲಿಂದ ಬಂತು ಎಂದು ನೀನು ಕೇಳಬಹುದು. ಅದನ್ನೂ ಹೇಳುತ್ತೇನೆ. ಬಳೆ ತೊಡಿಸುವವನ ಗಮನವೆಲ್ಲ ತನ್ನ ಬೆರಳ ತುದಿಯಲ್ಲಿರಬೇಕು. ಹೆಣ್ಣುಮಗಳ ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿ, ಗಾಜನ್ನು ಗೆಣ್ಣು ದಾಟಿಸಬೇಕು. ಸರಿಯಾಗಿ ಆ ಹೊತ್ತಿಗೇ ಪಕ್ಕದ ಪೆಟ್ಟಿಗೆ ಕೂಗುತ್ತಿತ್ತು. ಇವನ ಕೈ ಬಿಗಿಯುತ್ತಿತ್ತು. ಬಳೆ ಹೆಚ್ಚುತ್ತಿತ್ತು. ಬಳೆ ಒಡೆಯಿತು ಎಂದರೆ ಅಶುಭವೆಂದು ಬಳೆಗಾರರು ಹೆಚ್ಚಿತು ಎನ್ನುತ್ತಾರೆ. ತೊಡಿಸುವಾಗ ಹೆಚ್ಚಿದ ಬಳೆಗೆ ಗಿರಾಕಿಯಿಂದ ಕಾಸು ಕೇಳುವಂತಿಲ್ಲ, ಅದು ಬಳೆಗಾರನ ನಷ್ಟ. ಹೀಗೆ ಆಚೆ ವ್ಯಾಪಾರ ಹೆಚ್ಚಿದಂತೆ ಈಚೆ ಬಳೆ ಹೆಚ್ಚಿತು. ಡಬ್ಬಿಗೆ ಚೂರಿನ ಕೊರತೆ ಆಗಲಿಲ್ಲ.

ಒಂದು ಸಲ ತನ್ನ ಫೋನು ಟಿಣ್ ಎಂದ ಸದ್ದಿನಲ್ಲಿ ಪಕ್ಕದ ಪೆಟ್ಟಿಗೆ ಹೇಳಿದ್ದು ನೂರೋ ಇನ್ನೂರೋ ಅವನಿಗೆ ತಿಳಿಯದೆ ಹೋಯಿತು. ದಿನವೆಲ್ಲ ಅದೇ ಕೊರೆಯಿತು. ಅಂದೇ ಅವನು ತನ್ನ ಫೋನಿನ ಬಾಯಿ ಮುಚ್ಚಿದ. ಎಂದರೆ ಸಂದೇಶ ಬಂದಾಗ ಆಗುವ ಸದ್ದನ್ನು ನಿಲ್ಲಿಸಿದ.

ಅದಾದ ವಾರಕ್ಕೆ ಫೋನಿನಲ್ಲಿ ಒಂದು ಸಂದೇಶ ಅವನ ಕಣ್ಣಿಗೆ ಬಿತ್ತು. 'ನಿಮ್ಮ ಅಕ್ಕಪಕ್ಕದ ಅಂಗಡಿಗಳ ದಿನದ ವ್ಯಾಪಾರ ಎಷ್ಟು, ತಿಳಿಯಬೇಕೇ? ಶುಲ್ಕ ಒಂದು ರೂಪಾಯಿ.' ಇನ್ನೊಬ್ಬನಾಗಿದ್ದರೆ ಒರೆಸಿ ಹಾಕುತ್ತಿದ್ದ. ಇವನಿಗೆ ಅದು ದೇವರೇ ಬರೆದ ಓಲೆಯಂತೆ ಕಂಡಿತು. ಒತ್ತಿದ. ಪಿನ್ ಕೇಳಿತು, ಅದನ್ನೂ ಒತ್ತಿದ. ಒಂದು ರೂಪಾಯಿ ಹೋಯಿತು. ಯಾರ ವ್ಯಾಪಾರವೂ ಕಾಣಲಿಲ್ಲ. ಒಂದು ರೂಪಾಯಿ ತಾನೇ ಎಂದು ಸುಮ್ಮನಾದ. ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಒತ್ತಿದೆ ಎಂದು ಕೇಳುತ್ತಾರಲ್ಲ.

ಅಸಲಿಗೆ ಅವನು ಒತ್ತಿದ್ದು ಒಂದು ಒಪ್ಪಿಗೆಯನ್ನು. ದಿನವೂ ಅವನ ಖಾತೆಯಿಂದ ಅವನನ್ನು ಕೇಳದೆಯೇ ಹಣ ತೆಗೆಯಬಹುದೆಂಬ ಒಪ್ಪಿಗೆ. ಮೋಸ ಮಾಡಿದವರು ಯಾವ ಊರಿನವರೋ, ಇವನ ಮುಖವನ್ನೂ ಕಂಡವರಲ್ಲ. ಮರುದಿನ ಐನೂರು ರೂಪಾಯಿ ಹೋಯಿತು. ಅದರ ಮರುದಿನ ಇನ್ನೊಂದು ಐನೂರು. ಬ್ಯಾಂಕು ಪ್ರತಿ ಸಲವೂ ಸಂದೇಶ ಕಳಿಸಿತು. ಫೋನಿಗೆ ಬಾಯಿ ಇರಲಿಲ್ಲ. ಪೆಟ್ಟಿಗೆಗೆ ಬಾಯಿ ಇತ್ತು, ಆದರೆ ಬರುವ ಹಣವನ್ನು ಕೂಗುವುದಷ್ಟೇ ಅದಕ್ಕೆ ಗೊತ್ತು, ಹೋಗುವ ಹಣವನ್ನು ಕೂಗಲು ಗೊತ್ತಿಲ್ಲ.

ಹೀಗೆ ಇಪ್ಪತ್ತೆರಡು ದಿನ ನಡೆಯಿತು.

ಗೌರಿ ಹಬ್ಬ ಹತ್ತಿರ ಬಂತು. ಬಳೆಗಾರನಿಗೆ ವರ್ಷದ ಅನ್ನ ಆ ಹಬ್ಬದಲ್ಲೇ. ಹಿರಿಯವನು ಸಗಟು ಅಂಗಡಿಗೆ ಹೋಗಿ ಹಸಿರು ಗಾಜಿನ ಬಳೆಗಳನ್ನು ಆರಿಸಿದ. ಹದಿನೆಂಟು ಸಾವಿರದ ಸರಕು. ಅದಕ್ಕೆಂದೇ ಇಪ್ಪತ್ತು ಸಾವಿರ ಕೂಡಿಟ್ಟಿದ್ದ. ಫೋನು ಹಿಡಿದು ಪಿನ್ ಒತ್ತಿದರೆ ಖಾತೆಯಲ್ಲಿ ಅಷ್ಟು ಹಣವಿಲ್ಲ ಎಂದು ಬಂತು. ಸಗಟು ವ್ಯಾಪಾರಿ ಹಳೆಯ ಪರಿಚಯದವನು. ನಾಲ್ಕು ದಿನ ಸರಕನ್ನು ಎತ್ತಿಡುತ್ತೇನೆ, ಆಮೇಲೆ ಕೇಳಿದವರಿಗೆ ಕೊಟ್ಟುಬಿಡುತ್ತೇನೆ ಎಂದ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಹಿರಿಯವನು ಫೋನಿನ ಸಂದೇಶಗಳನ್ನು ತೆರೆದ. ಐನೂರು, ಐನೂರು, ಐನೂರು. ಯಾವುದೋ ಕೇಳರಿಯದ ಹೆಸರು.

ಈಗ ಗಮನವಿಟ್ಟು ಕೇಳು. ಹಣ ಕಳೆದುಕೊಂಡವನಿಗೆ ಮೊದಲು ಬರಬೇಕಾದದ್ದು ಗಾಬರಿ. ಇವನಿಗೆ ಬಂದದ್ದು ಸಮಾಧಾನ. ನನ್ನ ಫೋನಿನ ಒಳಹೊರಗು ಬಲ್ಲವನು ಅವನೊಬ್ಬನೇ, ಎರಡು ವರ್ಷದಲ್ಲಿ ಅಷ್ಟು ಮೇಲೆ ಬಂದದ್ದು ಹೇಗೆಂದು ಈಗ ತಿಳಿಯಿತು ಎಂದುಕೊಂಡ. ಎಷ್ಟೋ ದಿನದಿಂದ ಹೊಟ್ಟೆಯಲ್ಲಿದ್ದ ಕೆಂಡಕ್ಕೆ ಒಂದು ಕಾರಣ ಸಿಕ್ಕಂತಾಯಿತು. ಕರುಬುವವನಿಗೆ ಅದಕ್ಕಿಂತ ದೊಡ್ಡ ಲಾಭ ಇಲ್ಲ.

ಬ್ಯಾಂಕಿನ ದೂರಿನ ನಂಬರು ಅದೇ ಸಂದೇಶದ ಕೊನೆಯಲ್ಲಿತ್ತು. ಅವನು ಅದಕ್ಕೆ ಫೋನು ಮಾಡಲಿಲ್ಲ. ಬ್ಯಾಂಕಿನವರು ಒಂದು ಕೇಳಿ ಒಂದು ಬರೆದುಕೊಂಡಾರು, ಅಷ್ಟರಲ್ಲಿ ಕಳ್ಳ ಎಚ್ಚರಾಗುತ್ತಾನೆ ಎಂದುಕೊಂಡ. ಅಂಗಡಿಗೆ ಬಂದು ಹಲಗೆಗೆ ಕಿವಿ ಕೊಟ್ಟು ಕೂತ. ಪಕ್ಕದ ಪೆಟ್ಟಿಗೆ ಐನೂರು ಎನ್ನಲಿ, ಹಿಡಿಯುತ್ತೇನೆ.

ಒಂದು ದಿನ ಹೋಯಿತು. ಎರಡು ದಿನ ಹೋಯಿತು. ನೂರು ಬಂತು, ಎಂಬತ್ತು ಬಂತು, ಇನ್ನೂರ ಹತ್ತು ಬಂತು. ಐನೂರು ಬರಲಿಲ್ಲ. ಹೆಂಡತಿ ಬ್ಯಾಂಕಿಗೆ ಹೇಳಿದಿರಾ ಎಂದು ಕೇಳಿದಳು. ಹೇಳುತ್ತೇನೆ, ಮೊದಲು ಕಳ್ಳನನ್ನು ಹಿಡಿಯಬೇಕು ಎಂದ. ಅಷ್ಟರಲ್ಲಿ ಇನ್ನೆರಡು ಐನೂರು ಹೋಗಿತ್ತು.

ಮೂರನೆಯ ದಿನ ಮಧ್ಯಾಹ್ನ ಹಲಗೆಯಾಚೆ ಪೆಟ್ಟಿಗೆ 'ಐನೂರು ರೂಪಾಯಿ ಬಂದಿದೆ' ಎಂದಿತು. ಹಿರಿಯವನು ಗಿರಾಕಿಯ ಕೈಯನ್ನು ಬಿಟ್ಟು ಎದ್ದ. ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಅಂಗಡಿಗೆ ನುಗ್ಗಿದ. ಅಲ್ಲಿ ಒಬ್ಬ ತಾಯಿ ಮಗಳ ಸೀಮಂತಕ್ಕೆ ಎರಡು ಕೈಗೂ ಬಳೆ ಕೊಂಡು ಫೋನನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಹಿರಿಯವನು ಅವಳೆದುರಿಗೇ ನನ್ನ ಹಣ ನನಗೆ ಕೊಡು ಎಂದ. ಮೂರು ದಿನದಿಂದ ಕೂಗಿದ ಒಂದೊಂದು ರೂಪಾಯಿಯೂ ಗೊತ್ತೆಂದ. ಮೊನ್ನೆ ಮೂರು ಸಾವಿರದ ಇನ್ನೂರು, ನಿನ್ನೆ ಎರಡು ಸಾವಿರದ ಎಂಟುನೂರ ನಲವತ್ತು ಎಂದು ಒಪ್ಪಿಸಿದ.

ಕಿರಿಯವನು ಗಿರಾಕಿಯನ್ನು ಕಳಿಸಿಕೊಟ್ಟು ಇವನನ್ನು ಗಾದಿಯ ಮೇಲೆ ಕೂರಿಸಿದ. "ಅಣ್ಣಾವ್ರೇ, ಲೆಕ್ಕ ಇಡೋದರಲ್ಲಿ ನಾನು ಮಹಾ ಸೋಮಾರಿ. ನನ್ನ ಲೆಕ್ಕ ನಿಮ್ಮ ಹತ್ತಿರ ಇದ್ದರೆ ಒಂದು ಕಾಗದದಲ್ಲಿ ಬರೆದುಕೊಡಿ, ಉಪಕಾರ ಆಗತ್ತೆ. ಅದಿರಲಿ, ನಿಮ್ಮದು ಎಷ್ಟು ಹೆಚ್ಚಿದೆ?"

ಹೆಚ್ಚಿದೆ ಎಂದರೆ ಒಡೆದಿದೆ, ಹೋಗಿದೆ ಎಂದು ಆಗಲೇ ಹೇಳಿದೆ. ಹಿರಿಯವನು ಬಾಯಿ ತೆರೆದ. ಮೂರು ದಿನದಿಂದ ಅವನು ತನ್ನದನ್ನು ಕೂಡಿ ನೋಡಿರಲೇ ಇಲ್ಲ.

"ಗೊತ್ತಿಲ್ಲ ತಮ್ಮಾ" ಎಂದ.

ಅವನು ಅದನ್ನು ಹೇಳುತ್ತಿದ್ದಾಗಲೇ ಕೈಯಲ್ಲಿದ್ದ ಫೋನು ಸದ್ದಿಲ್ಲದೆ ಬೆಳಗಿತು. ಆ ದಿನದ ಐನೂರು ಹೋಗಿತ್ತು. ಇಬ್ಬರೂ ಅದನ್ನು ನೋಡಿದರು. ಕಿರಿಯವನ ಪೆಟ್ಟಿಗೆ ಸುಮ್ಮನೆ ಇತ್ತು.

ಕಿರಿಯವನು ಆ ಒಪ್ಪಿಗೆ ಎಲ್ಲಿದೆ ಎಂದು ಫೋನಿನಲ್ಲಿ ಹುಡುಕಿ ಅದನ್ನು ರದ್ದು ಮಾಡಿಸಿದ. ಎರಡು ನಿಮಿಷದ ಕೆಲಸ. ಆಮೇಲೆ ದೂರಿನ ನಂಬರಿಗೆ ಫೋನು ಹಚ್ಚಿ ಕೊಟ್ಟ. ಬ್ಯಾಂಕಿನ ಹೆಣ್ಣುಮಗಳು ಎಲ್ಲವನ್ನೂ ಬರೆದುಕೊಂಡಳು. ಮೂರು ದಿನದೊಳಗೆ ಹೋದದ್ದನ್ನು ತಡೆದು ಕೊಡಿಸಲು ನೋಡುತ್ತೇವೆ, ಹಳೆಯ ಇಪ್ಪತ್ತೆರಡಕ್ಕೂ ಬರೆದು ಹಾಕುತ್ತೇವೆ, ಆದರೆ ಅವು ಬಂದರೆ ಬಂತು ಎಂದಳು. ಕೊನೆಗೆ ಒಂದು ಮಾತು ಕೇಳಿದಳು. ದಿನವೂ ಸಂದೇಶ ಕಳಿಸಿದ್ದೇವೆ, ನೀವು ಯಾಕೆ ನೋಡಲಿಲ್ಲ?

ಫೋನಿನ ಸದ್ದು ನಿಲ್ಲಿಸಿದ್ದೆ ಎಂದ. ಯಾಕೆ ನಿಲ್ಲಿಸಿದಿರಿ ಎಂದಳು. ಕಿರಿಯವನು ಮೊಣಕೈ ದೂರದಲ್ಲಿ ಕೂತಿದ್ದ.

ಸಾವಿರದ ಐನೂರು ಹಿಂದಕ್ಕೆ ಬಂತು, ಹಳೆಯ ಹನ್ನೊಂದು ಸಾವಿರ ಬರಲಿಲ್ಲ. ಅಷ್ಟರಲ್ಲಿ ನಾಲ್ಕು ದಿನ ಕಳೆದು, ಎತ್ತಿಟ್ಟಿದ್ದ ಹಸಿರು ಬಳೆಗಳು ಬೇರೆ ಊರಿನ ವ್ಯಾಪಾರಿಯ ಪಾಲಾಗಿದ್ದವು. ಆ ಸಲದ ಗೌರಿ ಹಬ್ಬದಲ್ಲಿ ಹಿರಿಯವನ ಅಂಗಡಿಯಲ್ಲಿ ಹಳೆಯ ಸರಕು ಬಿಟ್ಟರೆ ಏನೂ ಇರಲಿಲ್ಲ. ಹಲಗೆಯಾಚೆ ಪೆಟ್ಟಿಗೆ ಬಿಡುವಿಲ್ಲದೆ ಕೂಗುತ್ತಿತ್ತು. ಅವನು ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತಿದ್ದ. ಅಂದೂ ಅದಕ್ಕೆ ಚೂರು ಹಾಕಿದನೋ ಇಲ್ಲವೋ, ನನಗೆ ಗೊತ್ತಿಲ್ಲ. ಈ ಕತೆಯನ್ನು ನನಗೆ ಹೇಳಿದವರೂ ಅದನ್ನು ಹೇಳಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಶಿಷ್ಯನ ಮುಖ ನೋಡಿದರು. ಅವನಿಗೆ ತಿಳಿಯಿತೋ ಇಲ್ಲವೋ ಎಂಬ ಅಳುಕು ಅವರಿಗೆ.

"ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ಟಿಗೆ ಎಂದರೆ ಲೋಕದ ಮಾತು ಎಂದಿಟ್ಟುಕೋ. ಫೋನು ಎಂದರೆ ನಮ್ಮೊಳಗಿನ ಎಚ್ಚರ. ಇನ್ನು ಹಲಗೆ. ಹಲಗೆ ಎಂದರೆ ಏನೆಂದರೆ, ಈಗ ಒಂದು ಹಲಗೆ ಇದೆ ಎಂದುಕೋ, ಅದರ ಈಚೆ..."

"ಗುರುಗಳೇ, ಪಂಕ್ತಿ ಕೂತಾಯ್ತು. ನೀವು ಬಂದರೇನೇ ಬಡಿಸೋದು" ಎಂದು ಅಡುಗೆಮನೆಯ ಬಾಗಿಲಿನಿಂದ ಅಡುಗೆಯವರು ಕರೆದರು.

ಗುರುಗಳು ಎದ್ದರು. ಹಲಗೆಯ ಅರ್ಥ ಅರ್ಧಕ್ಕೇ ಉಳಿಯಿತು. ಶಲ್ಯವನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲವರೆಗೆ ಹೋದವರು ಅಲ್ಲಿಂದ ತಿರುಗಿ ನೋಡಿದರು.

"ಅವನ ತಪ್ಪು ನಾಲ್ಕು ಅಂದೆಯಲ್ಲ, ನಿನ್ನವೆಷ್ಟು?"